ಡೀಸೆಲ್ ಲಾರಿಗಳಲ್ಲಿ ಮಸಿ ಕಟ್ಟುವುದೂ ಇಂಧನಮಾರ್ಗ ಕೆಡುವುದೂ: ಕಾರಣಗಳು ಮತ್ತು ನಿವಾರಣೋಪಾಯಗಳು

ಬೆಳೆಯು ಹೊಲವನ್ನು ಬಿಟ್ಟ ಮಾತ್ರಕ್ಕೆ ರೈತನ ಕೆಲಸವು ಮುಗಿದಂತಾಗುವುದಿಲ್ಲ. ಅದು ಸಕಾಲದಲ್ಲಿ ಮಾರುಕಟ್ಟೆಯನ್ನು ಸೇರಿ, ಹಣವಾಗಿ ಮನೆಗೆ ಬಂದಾಗಲೇ ವರ್ಷದ ದುಡಿಮೆಯು ಸಾರ್ಥಕವೆನಿಸುವುದು. ಕೋಲಾರದ ಟೊಮೇಟೊ, ಬ್ಯಾಡಗಿಯ ಮೆಣಸಿನಕಾಯಿ, ಮಂಡ್ಯದ ಕಬ್ಬು, ಸಕಲೇಶಪುರದ ಕಾಫಿ, ಇವೆಲ್ಲವೂ ಇಂದು ಸಾಗುವುದು ಬಹುಮಟ್ಟಿಗೆ ಡೀಸೆಲ್ ಲಾರಿ ಮತ್ತು ಟ್ರ್ಯಾಕ್ಟರುಗಳ ಮೂಲಕ. ಒಣಗಿದ ಮೆಣಸಿನಕಾಯಿಯ ಚೀಲಗಳು ದಾರಿಯಲ್ಲಿ ಒಂದು ದಿನ ತಡೆದರೆ ಹೆಚ್ಚಿನ ನಷ್ಟವಿಲ್ಲ. ಆದರೆ ಹಣ್ಣಾದ ಟೊಮೇಟೊ ಬೇಸಗೆಯ ಬಿಸಿಲಿನಲ್ಲಿ ಒಂದು ಹಗಲು ನಿಂತರೆ ಕೆಳಗಿನ ಕ್ರೇಟುಗಳು ಕೊಳೆಯಲಾರಂಭಿಸುವುವು. ಕಡಿದ ಕಬ್ಬು ನಿಂತಷ್ಟೂ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುವುದು.

ಹೀಗೆ ಲಾರಿಗಳು ನಡುದಾರಿಯಲ್ಲಿ ನಿಲ್ಲುವುದಕ್ಕೆ ಕಾರಣವನ್ನು ಹುಡುಕಿದರೆ, ಅನೇಕ ವೇಳೆ ಅದು ಬಹು ಅಲ್ಪವಾದುದಾಗಿರುತ್ತದೆ: ಟ್ಯಾಂಕಿನ ತಳದಲ್ಲಿ ಒಂದು ಲೋಟದಷ್ಟು ನೀರು, ಧೂಳಿನಿಂದ ಮುಚ್ಚಿಹೋದ ಫಿಲ್ಟರು, ಮಸಿ ಕಟ್ಟಿದ ನಾಜಲ್ಲು. ಈ ಅಲ್ಪ ಕಾರಣಗಳನ್ನು ಅಲಕ್ಷಿಸಿದುದರ ಫಲವಾಗಿ ಬರುವ ದುರಸ್ತಿಯ ವೆಚ್ಚವು ಮಾತ್ರ ಅಲ್ಪವಲ್ಲ. ಸ್ವಂತ ಲಾರಿಯುಳ್ಳ ರೈತರೂ, ಸಹಕಾರ ಸಂಘಗಳವರೂ, ಬಾಡಿಗೆಗೆ ಗಾಡಿ ಹೊಡೆಯುವವರೂ ತಿಳಿದಿರಬೇಕಾದ ಮುಖ್ಯ ಸಂಗತಿಯೆಂದರೆ, ಮಸಿಯು ಕಾಣಿಸಿಕೊಳ್ಳುವುದು ಹೊಗೆಯ ಕೊಳವೆಯಲ್ಲಾದರೂ ಅದರ ಮೂಲವು ಅಲ್ಲಿಲ್ಲ. ಇಂಜಿನಿಗೆ ಒಳಹೋಗುವ ಗಾಳಿ, ಡೀಸೆಲ್ ಮತ್ತು ಇಂಜಿನಿನ ಕಾವು, ಈ ಮೂರರಲ್ಲಿಯೇ ಅದರ ಬೇರು ಇರುತ್ತದೆ.

ಡೀಸೆಲ್ ಇಂಜಿನಿನ ಸ್ವಭಾವ

ಈ ಯಂತ್ರವನ್ನು ಕಂಡುಹಿಡಿದವನು ರೂಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರನು. 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಅವನ ಇಂಜಿನು ಯಶಸ್ವಿಯಾಗಿ ಪರೀಕ್ಷಿಸಲ್ಪಟ್ಟಿತು. ಪೆಟ್ರೋಲ್ ಇಂಜಿನಿನಲ್ಲಿರುವಂತೆ ಇದರಲ್ಲಿ ಕಿಡಿ ಹೊತ್ತಿಸುವ ಏರ್ಪಾಡಿಲ್ಲ. ಸಿಲಿಂಡರಿನೊಳಕ್ಕೆ ಮೊದಲು ಗಾಳಿಯನ್ನು ಮಾತ್ರ ಎಳೆದುಕೊಂಡು, ಅದರ ಮೂಲ ಗಾತ್ರದ ಸುಮಾರು 16ರಿಂದ 20ರಲ್ಲೊಂದು ಪಾಲಿಗೆ ಅದುಮಲಾಗುವುದು. ಸೈಕಲ್ ಪಂಪನ್ನು ವೇಗವಾಗಿ ಒತ್ತಿದಾಗ ಅದು ಬಿಸಿಯಾಗುವುದನ್ನು ಎಲ್ಲರೂ ಕಂಡಿರುವರು. ಅದೇ ನಿಯಮದಿಂದ ಅದುಮಿದ ಈ ಗಾಳಿಯು 500 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಹೆಚ್ಚು ಕಾಯುವುದು. ಆ ಗಳಿಗೆಯಲ್ಲಿ ನಾಜಲ್ಲು ಡೀಸೆಲನ್ನು ಮಂಜಿನಂತೆ ಸಿಂಪಡಿಸಲು, ಅದು ತಾನಾಗಿಯೇ ಹೊತ್ತಿಕೊಳ್ಳುವುದು.

ಡೀಸೆಲ್ ಮಂಜಿನಂತಾಗಬೇಕಾದರೆ ಒತ್ತಡವು ಬಹಳವಾಗಿರಬೇಕು. ಹಳೆಯ ಮಾದರಿಯ ಪಂಪುಗಳಲ್ಲಿ ನಾಜಲ್ಲು ತೆರೆಯುವುದು ವಾಯುಮಂಡಲದ ಒತ್ತಡದ ಸುಮಾರು 200 ಪಟ್ಟಿನಲ್ಲಿ. ಇಂದಿನ ಕಾಮನ್ ರೈಲ್ ಇಂಜಿನುಗಳಲ್ಲಿ ಅದು 1,600 ಪಟ್ಟನ್ನೂ ಮೀರುವುದುಂಟು. ಇಷ್ಟು ಒತ್ತಡದಲ್ಲಿ ಎಣ್ಣೆಯು ಸೋರದಂತಿರಲು ಪಂಪಿನ ಒಳಭಾಗಗಳನ್ನು ಒಂದಕ್ಕೊಂದು ಅತಿ ಬಿಗಿಯಾಗಿ ಹೊಂದಿಸಿರುವರು. ಅವುಗಳ ನಡುವಣ ಸಂದು ಕೆಲವೇ ಮೈಕ್ರಾನುಗಳಷ್ಟು. ತಲೆಗೂದಲಿನ ದಪ್ಪವಾದರೋ ಸುಮಾರು 70 ಮೈಕ್ರಾನು. ಕಣ್ಣಿಗೆ ಕಾಣದ ಧೂಳಿನ ಕಣವೂ ಇಂತಹ ಸಂದಿನಲ್ಲಿ ಅರದಂತೆ ಕೆಲಸ ಮಾಡುವುದೆಂಬುದನ್ನು ಇದರಿಂದ ಊಹಿಸಬಹುದು. ಈ ಭಾಗಗಳನ್ನು ತಯಾರಿಸುವ ಕೈಗಾರಿಕೆಯು ಕನ್ನಡ ನಾಡಿಗೆ ಹೊಸದೇನಲ್ಲ. ಬೆಂಗಳೂರಿನ ಮೈಕೋ ಕಂಪೆನಿಯು 1951ರಲ್ಲಿಯೇ ಇದಕ್ಕಾಗಿ ಸ್ಥಾಪಿತವಾಯಿತು.

ಮಸಿ ಹುಟ್ಟುವ ಬಗೆ

ಒಂದು ಲೀಟರ್ ಡೀಸೆಲ್ ಪೂರ್ಣವಾಗಿ ಉರಿಯಲು ಸುಮಾರು 12 ಕಿಲೋಗ್ರಾಂ, ಎಂದರೆ ಸುಮಾರು 10,000 ಲೀಟರ್ ಗಾಳಿಯು ಕನಿಷ್ಠ ಪಕ್ಷ ಬೇಕು. ಗಾಳಿಯು ಸಾಲದೆ ಬಂದರೆ, ಇಲ್ಲವೆ ಡೀಸೆಲ್ ಮಂಜಾಗದೆ ಹನಿಹನಿಯಾಗಿ ಬಿದ್ದರೆ, ಹನಿಯ ಹೊರಮೈ ಮಾತ್ರ ಉರಿದು ಒಳಭಾಗವು ಆಮ್ಲಜನಕ ದೊರೆಯದೆ ಕರಿದಂತಾಗಿ ಇಂಗಾಲದ ಕಣಗಳಾಗುವುದು. ಇದೇ ಮಸಿ. ಅಡಿಗೆಯ ಒಲೆಗೆ ಹಸಿ ಸೌದೆಯನ್ನು ತುರುಕಿ, ಗಾಳಿಯಾಡದಂತೆ ಮಾಡಿದರೆ ಪಾತ್ರೆಯ ತಳವು ಹೇಗೆ ಕಪ್ಪಾಗುವುದೋ ಇದೂ ಹಾಗೆಯೇ. ಆದುದರಿಂದ ಕಪ್ಪು ಹೊಗೆಯೆಂದರೆ ಕೊಂಡ ಡೀಸೆಲಿನ ಒಂದು ಭಾಗವು ಕೆಲಸ ಮಾಡದೆ ಗಾಳಿಗೆ ಹಾರಿಹೋಗುತ್ತಿದೆಯೆಂದೇ ತಿಳಿಯಬೇಕು.

ಹೊಗೆಯ ಬಣ್ಣವನ್ನು ನೋಡಿ ರೋಗವನ್ನು ಗುರುತಿಸಬಹುದು. ಕಪ್ಪು ಹೊಗೆಯು ಗಾಳಿಯ ಕೊರತೆ, ಮಿತಿಮೀರಿದ ಹೊರೆ, ಡೀಸೆಲಿನ ಅಧಿಕ ಪ್ರಮಾಣ ಅಥವಾ ಕೆಟ್ಟ ನಾಜಲ್ಲನ್ನು ಸೂಚಿಸುವುದು. ನೀಲಿ ಹೊಗೆಯಾದರೆ ಇಂಜಿನ್ ಆಯಿಲ್ ಸಿಲಿಂಡರಿಗೆ ಸೇರಿ ಉರಿಯುತ್ತಿದೆ. ಪಿಸ್ಟನ್ ರಿಂಗುಗಳು, ವಾಲ್ವುಗಳು ಅಥವಾ ಟರ್ಬೊ ಸವೆದಿರಬಹುದು. ಇಂಜಿನು ಕಾದ ಮೇಲೂ ಬಿಳಿ ಹೊಗೆಯು ನಿಲ್ಲದಿದ್ದರೆ, ಡೀಸೆಲ್ ಹೊತ್ತದೆ ಆವಿಯಾಗಿ ಹೋಗುತ್ತಿದೆ, ಇಲ್ಲವೆ ಹೆಡ್ ಗ್ಯಾಸ್ಕೆಟ್ ಒಡೆದು ರೇಡಿಯೇಟರಿನ ನೀರು ಸಿಲಿಂಡರಿಗೆ ಇಳಿಯುತ್ತಿದೆ ಎಂದು ಶಂಕಿಸಬೇಕು.

ಈ ಮಸಿಯು ಹೊರಗೆ ಹೋದಷ್ಟೇ ಅಲ್ಲದೆ ಒಳಗೂ ನಿಲ್ಲುವುದು. ನಾಜಲ್ಲಿನ ತುದಿಯ ರಂಧ್ರಗಳಲ್ಲಿ ಕಟ್ಟಿಕೊಂಡು ಸಿಂಪಡಣೆಯನ್ನು ಕೆಡಿಸುವುದು. ಅದರಿಂದ ಇನ್ನಷ್ಟು ಮಸಿ ಹುಟ್ಟುವುದು. ಹೊಗೆಯ ಒಂದು ಪಾಲನ್ನು ಮರಳಿ ಒಳಗೆ ಬಿಡುವ ಇಜಿಆರ್ ವಾಲ್ವಿನಲ್ಲಿಯೂ ಗಾಳಿಯ ಕೊಳವೆಯಲ್ಲಿಯೂ ಎಣ್ಣೆಯ ಆವಿಯೊಡನೆ ಬೆರೆತು ಕೀಲೆಣ್ಣೆಯಂತೆ ಅಂಟಿಕೊಂಡು ಗಾಳಿಯ ದಾರಿಯನ್ನು ಕಿರಿದು ಮಾಡುವುದು. ಇಂಜಿನ್ ಆಯಿಲಿಗೆ ಸೇರಿ ಅದನ್ನು ಗಟ್ಟಿಯಾಗಿಸಿ ಸವೆತವನ್ನು ಹೆಚ್ಚಿಸುವುದು. ಮನುಷ್ಯರ ಶ್ವಾಸಕೋಶವನ್ನೂ ಇದು ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿರುವುದು. ದಿನವಿಡೀ ಲಾರಿಯೊಡನಿರುವ ಚಾಲಕ, ಕ್ಲೀನರ್ ಮತ್ತು ಹಮಾಲಿಗಳ ಹಿತದೃಷ್ಟಿಯಿಂದಲೂ ಹೊಗೆಯನ್ನು ಕಡಿಮೆ ಮಾಡುವುದು ಅಗತ್ಯ.

ಗಾಳಿಯ ಶುದ್ಧಿ

ಹಳ್ಳಿಯ ಮಣ್ಣುದಾರಿಯಲ್ಲಿಯೂ ಒಕ್ಕಣೆಯ ಕಣದ ಬಳಿಯಲ್ಲಿಯೂ ಓಡಾಡುವ ಲಾರಿಗಳಿಗೆ ಪೇಟೆಯ ಲಾರಿಗಳಿಗಿಂತ ಧೂಳು ಹೆಚ್ಚು. ಆದುದರಿಂದ ಕಂಪೆನಿಯ ಪುಸ್ತಕದಲ್ಲಿ ಹೇಳಿರುವ ಅವಧಿಗೆ ಕಾಯದೆ, ಸುಗ್ಗಿಯ ಕಾಲದಲ್ಲಿ ಏರ್ ಫಿಲ್ಟರನ್ನು ಬೇಗ ಬೇಗ ನೋಡುತ್ತಿರಬೇಕು. ಫಿಲ್ಟರು ಕಟ್ಟಿಕೊಂಡುದನ್ನು ತೋರಿಸುವ ಸೂಚಕವಿದ್ದಲ್ಲಿ ಅದನ್ನೇ ನಂಬಿ ನಡೆಯುವುದು ಉತ್ತಮ. ಕಾಗದದ ಫಿಲ್ಟರನ್ನು ಟೈರಿಗೋ ಕಲ್ಲಿಗೋ ಬಡಿದು ಧೂಳು ಕೊಡವುವ ಅಭ್ಯಾಸವು ಸರ್ವಥಾ ಕೂಡದು. ಹಾಗೆ ಬಡಿದಾಗ ಕಾಗದವು ಮಡಿಕೆಗಳಲ್ಲಿ ಸೀಳಿ, ಧೂಳು ನೇರವಾಗಿ ಇಂಜಿನಿಗೆ ಹೋಗುವುದು. ಫಿಲ್ಟರಿನಿಂದ ಇಂಜಿನಿನವರೆಗಿನ ರಬ್ಬರ್ ಕೊಳವೆಯ ಬಿರುಕುಗಳನ್ನೂ ಕ್ಲಿಪ್ಪುಗಳ ಸಡಿಲವನ್ನೂ ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಹಳೆಯ ಟ್ರ್ಯಾಕ್ಟರುಗಳಲ್ಲಿರುವ ಎಣ್ಣೆಯ ಬಟ್ಟಲಿನ ಫಿಲ್ಟರಿನಲ್ಲಿ ಕೆಸರು ಕೂತ ಎಣ್ಣೆಯನ್ನು ತೆಗೆದು, ಗುರುತಿನವರೆಗೆ ಮಾತ್ರ ಹೊಸದನ್ನು ಹಾಕತಕ್ಕದ್ದು.

ಡೀಸೆಲಿನಲ್ಲಿ ನೀರು

ಇಂಧನಮಾರ್ಗ, ಎಂದರೆ ಟ್ಯಾಂಕಿನಿಂದ ನಾಜಲ್ಲಿನವರೆಗಿನ ಭಾಗಗಳು, ಕೆಡುವುದಕ್ಕೆ ನೀರು ಮುಖ್ಯ ಕಾರಣಗಳಲ್ಲೊಂದು. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ಗಾಳಿಯಿರುವುದು. ರಾತ್ರಿಯ ತಂಪಿಗೆ ಆ ಗಾಳಿಯ ತೇವವು ಟ್ಯಾಂಕಿನ ಒಳಮೈಮೇಲೆ ಹನಿಯಾಗಿ ಇಳಿಯುವುದು. ನೀರು ಡೀಸೆಲಿಗಿಂತ ತೂಕವಾದುದರಿಂದ ತಳದಲ್ಲಿ ಸೇರುವುದು. ಅದು ಪಂಪಿಗೆ ಹೋದರೆ ಜಾರುಗುಣ ತಪ್ಪಿ ಭಾಗಗಳು ಉಜ್ಜಿಕೊಳ್ಳುವುವು, ತುಕ್ಕು ಹಿಡಿಯುವುದು. ನೀರೂ ಡೀಸೆಲೂ ಕೂಡುವ ಎಡೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಂತಹ ಕಪ್ಪು ಪದಾರ್ಥವಾಗಿ ಫಿಲ್ಟರನ್ನು ಮುಚ್ಚುವುವು. ಇದಕ್ಕೆ ಮದ್ದು ಸುಲಭ. ಸಾಯಂಕಾಲ ಕೆಲಸ ಮುಗಿದೊಡನೆ ಟ್ಯಾಂಕನ್ನು ತುಂಬಿಸಿಡುವುದು ಒಂದು. ಬೆಳಿಗ್ಗೆ ಇಂಜಿನು ಹೊಡೆಯುವುದಕ್ಕೆ ಮೊದಲು, ನೀರು ಬೇರ್ಪಡಿಸುವ ಬಟ್ಟಲಿನ ತಳದ ತಿರುಪನ್ನು ಸಡಿಲಿಸಿ, ಶುದ್ಧ ಡೀಸೆಲ್ ಕಾಣುವವರೆಗೆ ಹೊರಬಿಡುವುದು ಇನ್ನೊಂದು. ಇದಕ್ಕೆ ಎರಡು ನಿಮಿಷ ಸಾಕು.

ಹೊಲಗೆಲಸಕ್ಕಾಗಿ ಡೀಸೆಲನ್ನು ಡ್ರಮ್ಮಿನಲ್ಲಿ ತಂದಿಡುವವರು ಕೆಲವು ನಿಯಮಗಳನ್ನು ಪಾಲಿಸಬೇಕು. ಸತುವು ಲೇಪಿಸಿದ, ಎಂದರೆ ಗಾಲ್ವನೈಸ್ ಮಾಡಿದ ಪಾತ್ರೆಯನ್ನು ಬಳಸಕೂಡದು. ಡೀಸೆಲಿನಲ್ಲಿರುವ ಆಮ್ಲಾಂಶವು ಸತುವಿನೊಡನೆ ಕೂಡಿ ಸಾಬೂನಿನಂತಹ ಅಂಟಾಗಿ ಫಿಲ್ಟರನ್ನು ಕಟ್ಟುವುದು. ಡ್ರಮ್ಮನ್ನು ಬೆಂಕಿಯ ಸಂಪರ್ಕವಿಲ್ಲದ ನೆರಳಿನಲ್ಲಿ, ನೆಲಕ್ಕೆ ತಗಲದಂತೆ ಇಟ್ಟಿಗೆ ಅಥವಾ ಮರದ ತೊಲೆಗಳ ಮೇಲೆ, ಸ್ವಲ್ಪ ಓರೆಯಾಗಿ ಮಲಗಿಸಿಡಬೇಕು. ತಂದ ಬಳಿಕ ಒಂದು ದಿನ ಅಲುಗಿಸದೆ ಬಿಟ್ಟರೆ ನೀರೂ ಕಸವೂ ತಳಕ್ಕಿಳಿಯುವುವು. ಡೀಸೆಲನ್ನು ತಳದಿಂದ ನಾಲ್ಕು ಬೆರಳಷ್ಟು ಮೇಲಿನಿಂದ ಮಾತ್ರ ಕೈಪಂಪಿನ ಮೂಲಕ ತೆಗೆಯಬೇಕು. ನೂಲು ಬಿಡುವ ಹಳೆಯ ಬಟ್ಟೆಯಲ್ಲಿ ಸೋಸುವುದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ನೂಲಿನ ಎಳೆಗಳೇ ಕಸವಾಗುವುವು. ಸಣ್ಣ ಕಣ್ಣಿನ ಲೋಹದ ಜಾಲರಿಯುಳ್ಳ ಆಲಿಕೆಯು ತಕ್ಕದ್ದು. ಸಂದೇಹ ಬಂದಲ್ಲಿ ಸ್ವಲ್ಪ ಡೀಸೆಲನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ಗಂಟೆ ಇಟ್ಟು ಬೆಳಕಿಗೆ ನೋಡಬೇಕು. ಮಬ್ಬಾಗಿದ್ದರೆ ಅಥವಾ ತಳದಲ್ಲಿ ಗೆರೆ ಕಂಡರೆ ಅದು ಬಳಸಲು ಯೋಗ್ಯವಲ್ಲ.

ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕರಿನಿಂದ ಡೀಸೆಲ್ ಇಳಿಸುತ್ತಿರುವಾಗ ಗಾಡಿಗೆ ಹಾಕಿಸದಿರುವುದು ಲೇಸು. ನೆಲಮಾಳಿಗೆಯ ಟ್ಯಾಂಕಿನ ತಳದ ಕಸವು ಆಗ ಕದಡಿರುವ ಸಂಭವವುಂಟು.

ಸೀಮೆಎಣ್ಣೆ ಮತ್ತು ಹೊಂಗೆ ಎಣ್ಣೆ

ಡೀಸೆಲಿಗೆ ಸೀಮೆಎಣ್ಣೆಯನ್ನು ಬೆರೆಸುವುದು ಕಾನೂನಿಗೆ ವಿರುದ್ಧವಾದುದಲ್ಲದೆ ಪಂಪಿಗೂ ಮಾರಕವಾದುದು. ಪಂಪಿನ ಒಳಭಾಗಗಳಿಗೆ ಡೀಸೆಲೇ ಕೀಲೆಣ್ಣೆ. ಬೇರೆ ಎಣ್ಣೆಯನ್ನು ಹಾಕುವ ಏರ್ಪಾಡು ಹೆಚ್ಚಿನ ಹೊಸ ಪಂಪುಗಳಲ್ಲಿಲ್ಲ. ಸೀಮೆಎಣ್ಣೆಯಲ್ಲಿ ಆ ಜಾರುಗುಣವು ಕಡಿಮೆ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದಂತೆ ಡೀಸೆಲಿನಲ್ಲಿ ಗಂಧಕದ ಅಂಶವು ಹತ್ತು ಲಕ್ಷ ಭಾಗಕ್ಕೆ 10 ಭಾಗವನ್ನು ಮೀರಕೂಡದು. ಹಿಂದಿನ ಬಿಎಸ್-4 ನಿಯಮದಲ್ಲಿ ಇದು 50 ಭಾಗವಾಗಿತ್ತು. ಗಂಧಕವನ್ನು ತೆಗೆಯುವಾಗ ಕಡಿಮೆಯಾಗುವ ಜಾರುಗುಣವನ್ನು ಶುದ್ಧೀಕರಣದ ಕಾರ್ಖಾನೆಯಲ್ಲಿಯೇ ಬೇರೆ ದ್ರವ್ಯಗಳಿಂದ ಸರಿಪಡಿಸುವರು. ಕಲಬೆರಕೆಯಿಂದ ಆ ಲೆಕ್ಕವೆಲ್ಲವೂ ತಪ್ಪುವುದು.

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಇಂಜಿನನ್ನು ಕಡಲೆಕಾಯಿ ಎಣ್ಣೆಯಿಂದಲೇ ನಡೆಸಿ ತೋರಿಸಲಾಯಿತು. ಇದನ್ನು ಕೇಳಿ, ಮನೆಯಲ್ಲಿ ತೆಗೆದ ಹೊಂಗೆ ಎಣ್ಣೆಯನ್ನು ಲಾರಿಗೆ ಹಾಕಬಹುದೆಂದು ಭಾವಿಸುವುದು ಸರಿಯಲ್ಲ. ಹಸಿ ಹೊಂಗೆ ಎಣ್ಣೆಯು ಡೀಸೆಲಿಗಿಂತ ಸುಮಾರು ಹತ್ತು ಪಟ್ಟು ಮಂದವಾದುದು. ಅದು ಇಂದಿನ ನಾಜಲ್ಲುಗಳಲ್ಲಿ ಮಂಜಾಗದೆ ಹನಿಯಾಗಿ ಬಿದ್ದು, ಅರ್ಧ ಉರಿದು, ರಿಂಗುಗಳಲ್ಲಿ ಅರಗಿನಂತೆ ಕಟ್ಟಿಕೊಳ್ಳುವುದು. ಅದೇ ಎಣ್ಣೆಯನ್ನು ಮೆಥನಾಲಿನೊಡನೆ ಸಂಸ್ಕರಿಸಿ ಬಯೋಡೀಸೆಲ್ ಮಾಡಿದರೆ ತಿಳಿಯಾಗುವುದು. ಆದರೆ ಬಯೋಡೀಸೆಲ್ ತೇವವನ್ನು ಹೆಚ್ಚಾಗಿ ಹೀರುವುದರಿಂದ ಅದನ್ನು ಬಹುಕಾಲ ಶೇಖರಿಸಿಡಬಾರದು. ಇಂಜಿನು ತಯಾರಿಸಿದವರು ಒಪ್ಪಿದ ಪ್ರಮಾಣವನ್ನು ಮೀರಿ ಬೆರೆಸಬಾರದು.

ಇಂಜಿನಿನ ಕಾವು ಮತ್ತು ಚಾಲನೆಯ ಕ್ರಮ

ಇಂಜಿನು ತಣ್ಣಗಿದ್ದಾಗ ಡೀಸೆಲ್ ಪೂರ್ಣವಾಗಿ ಉರಿಯದು. ಮಂಡಿಯ ಮುಂದೆ ಸರದಿಗಾಗಿ ಕಾಯುತ್ತ ಗಂಟೆಗಟ್ಟಲೆ ಇಂಜಿನನ್ನು ನಿಂತಲ್ಲೇ ಓಡಿಸುವುದರಿಂದ ಇಂಧನವು ವ್ಯರ್ಥವಾಗುವುದು, ಮಸಿಯು ಬೆಳೆಯುವುದು, ಉರಿಯದ ಡೀಸೆಲ್ ಇಳಿದು ಇಂಜಿನ್ ಆಯಿಲನ್ನು ತೆಳುವಾಗಿಸುವುದು. ಟರ್ಬೊ ಉಳ್ಳ ಇಂಜಿನನ್ನು ದೀರ್ಘ ಓಟದ ಬಳಿಕ ಆರಿಸುವ ಮುನ್ನ ಎರಡು ಮೂರು ನಿಮಿಷ ನಿಧಾನವಾಗಿ ಓಡಿಸುವುದು ಮಾತ್ರ ಅವಶ್ಯಕ; ಅದಕ್ಕಿಂತ ಹೆಚ್ಚು ಬೇಕಿಲ್ಲ.

ಇಂಜಿನು ಹೆಚ್ಚು ಕಾಯುತ್ತದೆಂದು ಕೆಲವು ಗ್ಯಾರೇಜುಗಳಲ್ಲಿ ಥರ್ಮೋಸ್ಟಾಟನ್ನೇ ಕಿತ್ತುಹಾಕುವರು. ಇದರಿಂದ ಇಂಜಿನು ಎಂದೂ ತಕ್ಕ ಕಾವಿಗೆ ಬಾರದೆ, ಮಸಿಯೂ ಸವೆತವೂ ಹೆಚ್ಚುವುವು. ಕಾವು ಮೀರುವುದಕ್ಕೆ ರೇಡಿಯೇಟರಿನ ಕಸ, ನೀರಿನ ಸೋರಿಕೆ, ಸಡಿಲವಾದ ಬೆಲ್ಟು ಮುಂತಾದ ನಿಜವಾದ ಕಾರಣವನ್ನು ಹುಡುಕಿ ಸರಿಪಡಿಸಬೇಕು. ಹಾಗೆಯೇ ಹೆಚ್ಚು ಎಳೆತ ಬರಲೆಂದು ಹಳೆಯ ಪಂಪಿನ ತಿರುಪನ್ನು ತಿರುಗಿಸಿ ಡೀಸೆಲಿನ ಪ್ರಮಾಣವನ್ನು ಏರಿಸುವ ಪದ್ಧತಿಯೂ ಉಂಟು. ಗಾಳಿಯು ಇದ್ದಷ್ಟೇ ಇರುವಾಗ ಡೀಸೆಲನ್ನು ಮಾತ್ರ ಹೆಚ್ಚಿಸಿದರೆ ಅದು ಬಲವಾಗುವುದು ಸ್ವಲ್ಪ, ಮಸಿಯಾಗುವುದು ಬಹಳ. ಶಿರಾಡಿ, ಚಾರ್ಮಾಡಿಯಂತಹ ಘಾಟಿಗಳನ್ನು ಹತ್ತುವಾಗ ಮೇಲಿನ ಗೇರಿನಲ್ಲಿ ಇಂಜಿನು ನರಳುವಂತೆ ಒತ್ತದೆ, ಸಕಾಲದಲ್ಲಿ ಕೆಳಗಿನ ಗೇರಿಗೆ ಬರುವುದೂ, ಅನುಮತಿಸಿದ ತೂಕಕ್ಕೆ ಮೀರಿ ಹೇರದಿರುವುದೂ ಹೊಗೆಗೆ ಉತ್ತಮ ಚಿಕಿತ್ಸೆ.

ಹೊಸ ಲಾರಿಗಳ ಮಸಿ ಶೋಧಕ

ಬಿಎಸ್-6 ಲಾರಿಗಳ ಹೊಗೆಕೊಳವೆಯಲ್ಲಿ ಡಿಪಿಎಫ್ ಎಂಬ ಶೋಧಕವಿರುವುದು. ಜೇನುಹುಟ್ಟಿನಂತೆ ಕಿರುಗಂಡಿಗಳುಳ್ಳ ಇದರ ಗೋಡೆಗಳಲ್ಲಿ ಮಸಿಯು ಸಿಕ್ಕಿಬೀಳುವುದು. ಲಾರಿಯು ಹೆದ್ದಾರಿಯಲ್ಲಿ ಹೊರೆಯೊಡನೆ ಒಂದೇ ಸಮನೆ ಓಡುತ್ತಿದ್ದರೆ ಹೊಗೆಯ ಕಾವಿನಿಂದಲೇ ಮಸಿಯು ಸ್ವಲ್ಪಸ್ವಲ್ಪವಾಗಿ ಉರಿದುಹೋಗುವುದು. ಇದು ಸಾಲದಾದಾಗ ಇಂಜಿನು ತಾನಾಗಿ ಹೆಚ್ಚು ಡೀಸೆಲನ್ನು ಬಳಸಿ, ಶೋಧಕವನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿಯನ್ನು ಸುಡುವುದು. ಹಳ್ಳಿಯಿಂದ ಮಂಡಿಗೆ ನಾಲ್ಕೈದು ಕಿಲೋಮೀಟರ್ ಹೋಗಿ ಬರುವ ಗಾಡಿಗಳಲ್ಲಿ ಈ ಕ್ರಿಯೆಯು ಅರ್ಧಕ್ಕೆ ನಿಂತು, ಮಸಿಯು ತುಂಬಿ, ದೀಪ ಹೊತ್ತಿ, ಕೊನೆಗೆ ಇಂಜಿನಿನ ಬಲವೇ ಕುಗ್ಗುವುದು. ದೀಪ ಕಂಡೊಡನೆ ಕೈಪಿಡಿಯಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಒಂದು ಓಟ ಓಡಿಸಬೇಕು, ಅಥವಾ ನಿಂತಲ್ಲಿ ಸುಡುವ ಗುಂಡಿಯನ್ನು ಒತ್ತಬೇಕು. ಈ ಸಮಯದಲ್ಲಿ ಲಾರಿಯು ಬಣವೆ, ಒಣಹುಲ್ಲು, ಕಬ್ಬಿನ ರವದಿಗಳ ಹತ್ತಿರ ಎಂದಿಗೂ ನಿಂತಿರಕೂಡದು. ಹೊಗೆಕೊಳವೆಯ ಕಾವು ಹುಲ್ಲನ್ನು ಹೊತ್ತಿಸಲು ಸಾಕು.

ಮಸಿ ಸುಟ್ಟರೂ ಇಂಜಿನ್ ಆಯಿಲಿನ ದ್ರವ್ಯಗಳಿಂದ ಬರುವ ಬೂದಿಯು ಸುಡದೆ ಶೋಧಕದಲ್ಲಿ ಉಳಿಯುವುದು. ಆದಕಾರಣ ಬೂದಿ ಕಡಿಮೆಯಿರುವ, ಕೈಪಿಡಿಯಲ್ಲಿ ಹೆಸರಿಸಿದ ಆಯಿಲನ್ನೇ ಹಾಕತಕ್ಕದ್ದು. ಶೋಧಕವನ್ನು ಕೊರೆದು ಬರಿದು ಮಾಡಿಸುವುದು ಮೋಟಾರು ವಾಹನಗಳ ಕಾಯಿದೆಗೆ ವಿರುದ್ಧ. ಮೇಲಾಗಿ ಮಸಿಯ ಮೂಲವು ಹಾಗೆಯೇ ಉಳಿಯುವುದು.

ಗೊಬ್ಬರದ ಯೂರಿಯಾ ಸಲ್ಲದು

ಹೆಚ್ಚಿನ ಬಿಎಸ್-6 ಲಾರಿಗಳಲ್ಲಿ ನೀಲಿ ಮುಚ್ಚಳದ ಇನ್ನೊಂದು ಟ್ಯಾಂಕು ಉಂಟು. ಇದಕ್ಕೆ ಡಿಇಎಫ್ ಎಂಬ ದ್ರಾವಣವನ್ನು ಹಾಕಬೇಕು. ಇದರಲ್ಲಿ 32.5 ಭಾಗ ಅತಿಶುದ್ಧ ಯೂರಿಯಾ, ಉಳಿದುದು ಖನಿಜರಹಿತವಾದ ನೀರು. ಮನೆಯಲ್ಲಿರುವ ಗೊಬ್ಬರದ ಯೂರಿಯಾವನ್ನೇ ಬಾವಿಯ ನೀರಿನಲ್ಲಿ ಕರಗಿಸಿ ಹಾಕಿದರಾಗದೇ ಎಂಬ ಪ್ರಶ್ನೆಯು ರೈತರಿಗೆ ಸಹಜವಾಗಿಯೇ ಹೊಳೆಯುವುದು. ಆಗದು. ಗೊಬ್ಬರದ ಯೂರಿಯಾಕ್ಕೆ 2015ರಿಂದ ಬೇವಿನ ಎಣ್ಣೆಯ ಲೇಪವು ಕಡ್ಡಾಯವಾಗಿರುವುದು. ಅದರಲ್ಲಿ ಬೈಯುರೆಟ್ ಎಂಬ ಪದಾರ್ಥವು ನೂರಕ್ಕೆ 1.5ರವರೆಗೆ ಇರಬಹುದು, ಡಿಇಎಫ್‌ನಲ್ಲಾದರೋ 0.3ನ್ನು ಮೀರುವಂತಿಲ್ಲ. ಈ ಕಲ್ಮಷಗಳೂ ಬಾವಿನೀರಿನ ಲವಣಗಳೂ ಸಿಂಪಡಿಸುವ ನಾಜಲ್ಲನ್ನು ಮುಚ್ಚಿ, ಬೆಲೆಬಾಳುವ ಕ್ಯಾಟಲಿಸ್ಟನ್ನು ನಿಷ್ಪ್ರಯೋಜಕವಾಗಿಸುವುವು. ಅಲ್ಲದೆ, ರಸಗೊಬ್ಬರವನ್ನು ಬೇಸಾಯವಲ್ಲದ ಕೆಲಸಕ್ಕೆ ಬಳಸುವುದು 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಯಂತೆ ಅಪರಾಧ.

ಈ ದ್ರಾವಣವು ತಪ್ಪಿ ಡೀಸೆಲ್ ಟ್ಯಾಂಕಿಗೆ ಬಿದ್ದರೆ ಇಂಜಿನನ್ನು ಹೊಡೆಯಲೇಬಾರದು. ಹೊಡೆದಲ್ಲಿ ಅದು ಪಂಪು ನಾಜಲ್ಲುಗಳಲ್ಲಿ ಹರಳುಗಟ್ಟಿ ಇಡೀ ಇಂಧನಮಾರ್ಗವು ಹಾಳಾಗುವುದು. ಟ್ಯಾಂಕನ್ನು ಪೂರ್ತಿ ಬರಿದು ಮಾಡಿ ತೊಳೆಯಿಸುವವರೆಗೆ ಕೀಲಿಯನ್ನು ತಿರುಗಿಸದಿದ್ದರೆ ನಷ್ಟವು ಅಷ್ಟರಲ್ಲಿಯೇ ನಿಲ್ಲುವುದು.

ದುರಸ್ತಿಯ ವೇಳೆ ಎಚ್ಚರಿಕೆ

ಡೀಸೆಲ್ ಪೂರ್ತಿ ಮುಗಿಯುವವರೆಗೆ ಓಡಿಸಿದರೆ ಇಂಧನಮಾರ್ಗದಲ್ಲಿ ಏರ್ ಹಿಡಿದು, ತುಂಬಿಸಿದ ಮೇಲೂ ಇಂಜಿನು ಹೊರಡದು. ಆಗ ಕೈಪಂಪನ್ನು ಒತ್ತಿ, ಫಿಲ್ಟರಿನ ತಿರುಪಿನಲ್ಲಿ ಗುಳ್ಳೆ ನಿಲ್ಲುವವರೆಗೆ ಗಾಳಿಯನ್ನು ಹೊರಬಿಡಬೇಕು. ಫಿಲ್ಟರು ಬದಲಿಸುವ ಮುನ್ನ ಸುತ್ತಣ ಧೂಳನ್ನು ಒರೆಸಬೇಕು. ಹೊಸ ಫಿಲ್ಟರಿಗೆ ಬಾಟಲಿಯಿಂದ ಡೀಸೆಲ್ ಸುರಿದು ಹಾಕುವುದು ಕಾಮನ್ ರೈಲ್ ಇಂಜಿನುಗಳಲ್ಲಿ ಸಲ್ಲದು. ಹಾಗೆ ಸುರಿದುದು ಸೋಸದೆಯೇ ಒಳಹೋಗುವ ಅಪಾಯವುಂಟು. ಇಂಜಿನು ಓಡುತ್ತಿರುವಾಗ ಅಧಿಕ ಒತ್ತಡದ ಕೊಳವೆಯನ್ನು ಸಡಿಲಿಸುವುದಾಗಲಿ, ಸೋರುವಿಕೆಯನ್ನು ಬೆರಳಿನಿಂದ ತಡವುವುದಾಗಲಿ ಪ್ರಾಣಾಪಾಯಕರ. ಆ ಒತ್ತಡದ ಎಳೆಯು ಚರ್ಮವನ್ನು ತೂರಿ ಮಾಂಸಕ್ಕೆ ಹೋಗುವುದು. ಗಾಯವು ಸೂಜಿಯ ಮೊನೆಯಷ್ಟೇ ಕಂಡರೂ, ನೋವಿಲ್ಲದಿದ್ದರೂ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಪ್ರಸಂಗ ಬರುವುದು.

ಜ್ಞಾಪಕದಲ್ಲಿಡಬೇಕಾದ ಅಂಶಗಳು

1. ಪ್ರತಿದಿನ ಬೆಳಿಗ್ಗೆ ಇಂಜಿನು ಹೊಡೆಯುವ ಮುನ್ನ ಬಟ್ಟಲಿನ ನೀರನ್ನು ತೆಗೆಯುವುದು. ಪ್ರತಿ ಸಾಯಂಕಾಲ ಟ್ಯಾಂಕನ್ನು ತುಂಬಿಸುವುದು.
2. ಸುಗ್ಗಿಯಲ್ಲಿ ಏರ್ ಫಿಲ್ಟರನ್ನು ಬೇಗ ಬೇಗ ನೋಡುವುದು. ಡೀಸೆಲ್ ಫಿಲ್ಟರನ್ನು ಅವಧಿಗೆ ಸರಿಯಾಗಿ ಬದಲಿಸುವುದು. ಅಗ್ಗದ ನಕಲಿಯನ್ನು ಕೊಳ್ಳದಿರುವುದು.
3. ಹೊಗೆಯು ಕಪ್ಪಾದೊಡನೆ ಮೊದಲು ಗಾಳಿಯನ್ನೂ ಹೊರೆಯನ್ನೂ, ಬಳಿಕ ನಾಜಲ್ಲನ್ನೂ ಪರೀಕ್ಷಿಸುವುದು.
4. ಇಂಜಿನ್ ಆಯಿಲನ್ನು ಕಾಲಕ್ಕೆ ಸರಿಯಾಗಿ ಬದಲಿಸುವುದು. ಕೈಪಿಡಿ ಹೇಳಿದ ಜಾತಿಯದನ್ನೇ ಹಾಕುವುದು.
5. ನಾಜಲ್ಲು ಮತ್ತು ಪಂಪನ್ನು ಪರೀಕ್ಷಾಯಂತ್ರವುಳ್ಳ ಕಾರ್ಯಾಗಾರದಲ್ಲಿ ಮಾತ್ರ ಬಿಚ್ಚಿಸುವುದು.
6. ಎಚ್ಚರಿಕೆಯ ದೀಪವು ಹೊತ್ತಿರುವಾಗ ಬೆಳೆಯನ್ನು ಹೇರಿಕೊಂಡು ದೂರದ ಪ್ರಯಾಣಕ್ಕೆ ಹೊರಡದಿರುವುದು.

ಇವುಗಳಲ್ಲಿ ಹೆಚ್ಚಿನವು ಹಣವನ್ನು ಬೇಡುವ ಕ್ರಮಗಳಲ್ಲ, ಗಮನವನ್ನು ಬೇಡುವ ಕ್ರಮಗಳು. ಟ್ರ್ಯಾಕ್ಟರಿಗೂ ಡೀಸೆಲ್ ಪಂಪ್‌ಸೆಟ್ಟಿಗೂ ಇವುಗಳಲ್ಲಿ ಬಹುಪಾಲು ಹಾಗೆಯೇ ಅನ್ವಯಿಸುವುವು. ಉಳುವ ಎತ್ತಿಗೆ ಹೊತ್ತಿಗೆ ಸರಿಯಾಗಿ ಮೇವು ನೀರು ಕಂಡು, ಗೊರಸನ್ನು ನೋಡಿ ಕಟ್ಟುವ ಅಭ್ಯಾಸವುಳ್ಳ ರೈತನಿಗೆ ಯಂತ್ರದ ಆರೈಕೆಯು ಕಷ್ಟವಾಗಲಾರದು. ಬೆಳಗಿನ ಆ ಎರಡು ನಿಮಿಷಗಳನ್ನು ತಪ್ಪದೆ ಕೊಟ್ಟಲ್ಲಿ, ಲಾರಿಯು ಸಕಾಲದಲ್ಲಿ ಮಂಡಿಯನ್ನು ಮುಟ್ಟುವುದು. ಬೆಳೆಯು ಬೆಲೆಯಿರುವಾಗಲೇ ಮಾರಾಟವಾಗುವುದು.